ಮೇಲಿನ ಗೆರೆ ಕೊನೆಗೆ

ನಮ್ಮನೆಯವರಿಗೆ ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಎರಡನೆಯ ತಿಂಗಳಲ್ಲಿ ಎಡಗೈಯ ತೋರುಬೆರಳು ಚಾದರದ ಮೇಲೆ ಆಡತೊಡಗಿತು. ಎಡಕ್ಕೆ ಜಾರುವುದು, ನೆಟ್ಟಗೆ ಇಳಿಯುವುದು, ಬಲಕ್ಕೊಂದು ಚುಕ್ಕೆ, ಕೊನೆಗೆ ಇವೆಲ್ಲದರ ಮೇಲೆ ಒಂದು ಅಡ್ಡಗೆರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅದೇ.

ವ್ಯಾಯಾಮ ಮಾಡಿಸಲು ಬರುತ್ತಿದ್ದವರು ನೋಡಿ, "ಕಾಕೂ, ಹಾತ್ ಥರಥರತೋಯ್, ಬಾಕಿ ಕಾಹೀ ನಾಹೀ" ಎಂದರು. ನಡುಕವಷ್ಟೇ, ಬೇರೇನಿಲ್ಲ. ನನಗೆ ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ.

ನಮ್ಮನೆಯವರು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಚೀನಾದಿಂದ ಬರುವ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದರು. ಪೆಟ್ಟಿಗೆಗಳ ಮೇಲಿನ ಬರಹ ತಿಳಿಯಲೆಂದು ಎರಡು ವರ್ಷ ಶನಿವಾರ ಖಾರಘರಕ್ಕೆ ಹೋಗಿ ಚೀನೀ ಅಕ್ಷರ ಕಲಿತಿದ್ದರು. ಈ ಬೆರಳು ಬರೆಯುತ್ತಿರಬಹುದೇ? ಬರೆಯುತ್ತಿದ್ದರೆ ಅವರು ಒಳಗೆ ಇದ್ದಾರೆ. ಅದೊಂದನ್ನು ತಿಳಿಯಬೇಕಿತ್ತು. ಪಕ್ಕದ ಫ್ಲ್ಯಾಟಿನವರನ್ನು ಅವರ ಬಳಿ ಕೂರಿಸಿ, ಠಾಣೆಯಿಂದ ಪನ್ವೇಲ್ ಲೋಕಲ್ ರೈಲು ಹಿಡಿದು ನಾನೂ ಅದೇ ತರಗತಿಗೆ ಹೋದೆ.

ಕಲಿಸುವವಳು ಉಡುಪಿ ಕಡೆಯ ಹುಡುಗಿ. ನಾನು ಯಾರು, ಏಕೆ ಬಂದೆ ಎಂದು ಅವಳಿಗೆ ಹೇಳಲಿಲ್ಲ. ಅವಳೂ ನಡುಕವೆಂದುಬಿಟ್ಟರೆ ಎಂಬ ಹೆದರಿಕೆ.

ಮೂರನೆಯ ಶನಿವಾರ, ಚಾದರದ ಮೇಲೆ ನೋಡುತ್ತಿದ್ದ ಆ ಅಕ್ಷರ ಬಂತು. ನಾಲ್ಕು ಗೆರೆ. ಅರ್ಥ, 'ಅಲ್ಲ' ಅಥವಾ 'ಬೇಡ'. ಮೂರು ಗೆರೆ ಬರೆದು ಮೇಲಿನದನ್ನು ಎಳೆಯುವಷ್ಟರಲ್ಲಿ ಅವಳು ನನ್ನ ಕೈ ಹಿಡಿದಳು.

"ಮೇಲಿನ ಗೆರೆ ಮೊದಲು ಆಂಟಿ. ಕ್ರಮ ಒಮ್ಮೆ ಕೈಗೆ ಕೂತ್ರೆ ಮತ್ತೆ ತಪ್ಪುದಿಲ್ಲ."

ನಾನು ಓದಿದ್ದು ಡೊಂಬಿವಲಿಯ ಮರಾಠಿ ಶಾಲೆಯಲ್ಲಿ. ಅಲ್ಲಿ ಅಕ್ಷರಗಳೆಲ್ಲ ಮುಗಿದ ಮೇಲೆಯೇ ತಲೆಯ ಗೆರೆ ಎಳೆಯುವುದು. ಅವರು ಓದಿದ್ದೂ ಮರಾಠಿ ಶಾಲೆಯಲ್ಲೇ. ಆದರೆ ಎರಡು ವರ್ಷ ಕಲಿತವರು ಇಷ್ಟು ತಪ್ಪುವರೇ?

ಮರುದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹಾಸಿಗೆಯ ಪಕ್ಕ ಕೂತು ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಹತ್ತೊಂಬತ್ತು ಸಲ. ಒಂದು ಸಲವೂ ಮೇಲಿನ ಗೆರೆ ಮೊದಲು ಬರಲಿಲ್ಲ. ಬರಹವಲ್ಲ, ನಡುಕವೇ ಎಂದುಕೊಂಡೆ.

ಮೈದುನ ಬಹಳ ದಿನದಿಂದ ಹೇಳುತ್ತಿದ್ದ: "ವೈನಿ, ನೀವೊಬ್ಬರ ಎಷ್ಟಂತ ಮಾಡ್ತೀರಿ? ಕಲ್ಯಾಣದಾಗ ಛಲೋ ಕೇರ್ ಸೆಂಟರ್ ಐತಿ. ಅಣ್ಣಗ ಎಲ್ಲಿದ್ರೂ ಅಷ್ಟ, ತಿಳಿಯಂಗಿಲ್ಲ." ಆ ವಾರ ಹೂಂ ಅಂದೆ. ಅಣ್ಣನನ್ನು ಒಯ್ಯಲು ಸೋಮವಾರ ಗಾಡಿ ತರುತ್ತೇನೆಂದ.

ಇನ್ನು ಬರುವುದಿಲ್ಲವೆಂದು ತಿಳಿಸಲು ಶನಿವಾರ ಖಾರಘರಕ್ಕೆ ಹೋದಾಗ, ಎಲ್ಲವನ್ನೂ ಹೇಳಿಬಿಟ್ಟೆ. ನಾನು ಯಾರೆಂದು ತಿಳಿದು ಅವಳು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟಳು. ಆಮೇಲೆ, "ಅಂಕಲ್ಲಾ? ಅವರು ಮೇಲಿನ ಗೆರೆ ಮೊದಲು ಹಾಕಿದ್ದು ಯಾವಾಗ ಮಾರಾಯ್ರೆ? ಎರಡು ವರ್ಷ ಬೈದೆ. ಗೋಡೆ ಏಳುವ ಮೊದ್ಲು ಹಂಚಿನ ಮಾಡು ಹಾಕುದು ಯಾವ ಊರ ಪದ್ಧತಿ ಅಂತ ನನ್ನನ್ನೇ ಕೇಳ್ತಿದ್ರು" ಎಂದಳು.

ವಾಪಸು ಲೋಕಲ್‌ನಲ್ಲಿ ಕೂತು ಹೊರಗೆ ನೋಡಿದೆ. ಯಾವ ಸ್ಟೇಷನ್ ದಾಟಿದೆವೋ ತಿಳಿಯಲಿಲ್ಲ.

ವರ್ತಕ ನಗರದ ಮನೆ ತಲುಪಿ ಚಪ್ಪಲಿ ಬಿಟ್ಟವಳೇ ಕೇಳಿದೆ: "ಕಲ್ಯಾಣಕ್ಕ ಹೋಗ್ತೀರೇನ್ರಿ?"

ಬೆರಳು ಜಾರಿತು, ಇಳಿಯಿತು, ಚುಕ್ಕೆ ಇಟ್ಟಿತು, ಮೇಲೆ ಗೆರೆ ಎಳೆಯಿತು. ಬೇಡ.

"ಹಂಗಾದ್ರ ಇಲ್ಲೇ ಇರ್ತೀರೇನ್ರಿ?"

ಅವೇ ನಾಲ್ಕು. ಬೇಡ.

ಏನು ತಿಳಿಯಬೇಕೋ ಗೊತ್ತಾಗಲಿಲ್ಲ. ಎರಡಕ್ಕೂ ಬೇಡವೋ, ಯಾವುದಕ್ಕೂ ಉತ್ತರವೇ ಅಲ್ಲವೋ. ಬೇರೇನೂ ತೋಚದೆ ಅವರ ಬೆರಳು ಹಿಡಿದು, ಶಿಕ್ಷಕಿ ನನಗೆ ಮಾಡಿದಂತೆ, ಮೇಲಿನ ಗೆರೆಯನ್ನು ಮೊದಲು ಎಳೆಸಲು ಹೋದೆ. ಬೆರಳು ಬಿಗಿಯಾಯಿತು. ಕೈಯನ್ನು ನನ್ನ ಹಿಡಿತದಿಂದ ಎಳೆದುಕೊಂಡು ಮೂರು ಗೆರೆ ಬರೆದರು, ಮೇಲಿನದನ್ನು ಕೊನೆಗೆ ಹಾಕಿದರು. ಇನ್ನೊಮ್ಮೆ ಹಿಡಿದೆ. ಈ ಸಲ ಇನ್ನೂ ಜೋರಾಗಿ ಎಳೆದುಕೊಂಡರು.

ಮೈದುನನಿಗೆ ಫೋನ್ ಮಾಡಿ ಸೋಮವಾರ ಬರಬ್ಯಾಡ ಅಂದೆ.

"ಯಾಕ ವೈನಿ, ಅಣ್ಣ ಏನರೆ ಅಂದನೇನು?"

"ಏನಂದಾರೋ ನನಗೂ ತಿಳಿದಿಲ್ಲ. ಆದ್ರ ಹೇಳಿದ ಮಾತು ಕೇಳವಲ್ರು."