ಕ್ಯಾಂಟೀನ್ ಮಾವನ ಸಾಕ್ಷಿ

ಕ್ಯಾಂಟೀನ್ ಮಾವನ ಬಲ ಮುಂಗೈ ಮೇಲೆ ಒಂದೂ ಕೂದಲಿರಲಿಲ್ಲ; ದೋಸೆ ಹೆಂಚಿನ ಝಳಕ್ಕೆ ಸುಟ್ಟು ನುಣ್ಣಗಾಗಿತ್ತು. ಆ ಕೈ ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆ ಅವರದು, ಉಡುಪಿ ಕಡೆಯವರು. ಮೆಟ್ಟಿಲ ಮೇಲೆ ಚಪ್ಪಲಿಯೋ ಸೈಕಲ್ಲೋ, ಯಾರದೇ ಇರಲಿ, ಬದಿಗೆ ಸರಿಸದೆ ಮುಂದೆ ಹೋದವರಲ್ಲ. "ದಾರಿಗೆ ಅಡ್ಡ ಎಂತಕ್ಕೆ ಮಾರಾಯ್ತಿ?" ಎಂದು ನನ್ನನ್ನೂ ಗದರುತ್ತಿದ್ದರು.

ಕಾರ್ಖಾನೆಗಳೇ ತುಂಬಿದ ವಾಗ್ಳೆ ಎಸ್ಟೇಟಿನಲ್ಲಿ ಅವರ ಕ್ಯಾಂಟೀನಿನ ಎದುರೇ ಅಪ್ಪನ ಸ್ಕೂಟರಿಗೆ ಟೆಂಪೋ ಗುದ್ದಿದ್ದು. ಅಪ್ಪನನ್ನು ಎತ್ತಿ ರಿಕ್ಷಾಕ್ಕೆ ಹಾಕಿದವರೂ ಮಾವನೇ. ಅಪ್ಪ ಉಳಿಯಲಿಲ್ಲ. ಪರಿಹಾರದ ಕೋರ್ಟು, ಅರ್ಧ ತಪ್ಪು ಸತ್ತವನದೇ ಎಂದಿತು. ಪೊಲೀಸರ ಪಂಚನಾಮೆಯ ಪ್ರಕಾರ ಸ್ಕೂಟರ್ ಇದ್ದದ್ದು ರಾಂಗ್ ಸೈಡಿನಲ್ಲಿ. ಖಾಲಿ ರಸ್ತೆಯಲ್ಲೂ ಸಿಗ್ನಲ್ಲಿಗೆ ನಿಲ್ಲುತ್ತಿದ್ದ ಮನುಷ್ಯ! ಹಣಕ್ಕಲ್ಲ, ಆ ಒಂದು ಮಾತನ್ನು ಅಳಿಸಲೆಂದೇ ಹೈಕೋರ್ಟಿಗೆ ಅಪೀಲು ಹಾಕಿದೆವು.

ಮಾವನಿಗೆ ಇಂಗ್ಲಿಷ್ ಬಾರದು. ಒಂದು ಭಾನುವಾರ ಚಹಾಕ್ಕೆ ಬಂದವರಿಗೆ ತೀರ್ಪನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಪಂಚನಾಮೆಯ ಸಾಲಿಗೆ ಬಂದಾಗ ಅವರ ಮುಖ ಬಿಳಿಚಿತು.

"ಸ್ಕೂಟರ್ ಬಿದ್ದದ್ದು ಆಚೆ ಬದಿ, ನಿನ್ನ ಅಪ್ಪನ ಸೈಡಲ್ಲೇ. ಹಿಂದೆ ಬಸ್ಸು ಹಾರ್ನ್ ಹೊಡೀತಿತ್ತು. ನಾನೇ ಅದನ್ನು ಈಚೆ, ಕ್ಯಾಂಟೀನ್ ಬದಿಗೆ ಎಳೆದು ಹಾಕಿದ್ದು. ಪೊಲೀಸರು ಬಂದಾಗ ಹೆದರಿ ಬಾಯಿ ಬಿಡ್ಲಿಲ್ಲ."

ಅವ್ವ ಅಡುಗೆಮನೆಯಿಂದ ಹೊರಬಂದಳು. "ಅಟ್ಟ ಮ್ಯಾಲ ಒಲಿ ಉರದಂಗಾತು! ಇಷ್ಟ್ ವರ್ಷ ನಮ್ಮನ್ಯಾಗ ಚಾ ಕುಡದ್ರಿ, ಒಂದ್ ಮಾತ್ ಹೇಳಲಿಲ್ಲಲ್ರೀ? ಏಳ್ರಿ, ಹೊರಗ ನಡೀರಿ."

ಅಂದಿಗೆ ಮಾತು ನಿಂತಿತು. ಮೆಟ್ಟಿಲಲ್ಲಿ ಎದುರಾದರೆ ನಾನೂ ಮುಖ ತಿರುಗಿಸುತ್ತಿದ್ದೆ. ಮಾವ ಮಾತ್ರ ತಾವಾಗಿಯೇ ನಮ್ಮ ವಕೀಲರನ್ನು ಹುಡುಕಿಕೊಂಡು ಹೋಗಿ, ಸಾಕ್ಷಿ ಹೇಳುತ್ತೇನೆ ಎಂದರು. ಕೋರ್ಟು ಒಪ್ಪಿತು. ಎದುರಿನ ವಕೀಲ ಅವರನ್ನು ಚೆನ್ನಾಗಿ ಜಾಲಾಡಿದ. ಇಷ್ಟು ದಿನ ಎಲ್ಲಿ ಸತ್ತಿತ್ತು ನಿನ್ನ ಸತ್ಯ ಎಂದದ್ದಕ್ಕೆ ಮಾವ ಕೈಮುಗಿದು, "ಡರ್ ಗಯಾ ಥಾ ಸಾಬ್", ಹೆದರಿಬಿಟ್ಟಿದ್ದೆ, ಎಂದಷ್ಟೇ ಹೇಳಿದರು.

ತೀರ್ಪಿಗೆ ಮೊದಲೇ ಅವರು ಕ್ಯಾಂಟೀನಿನಲ್ಲಿ ಕುಸಿದು ತೀರಿಕೊಂಡರು. ಹೆಣ ನಮ್ಮ ಬಿಲ್ಡಿಂಗಿನ ಕೆಳಗೇ ಇತ್ತು. ನಾವು ಇಳಿದು ಹೋಗಲಿಲ್ಲ. ನೆನೆದರೆ ಇಂದಿಗೂ ನಾಚಿಕೆಯಿಂದ ಸಾಯುತ್ತೇನೆ.

ಅಪ್ಪನದು ಎಳ್ಳಷ್ಟೂ ತಪ್ಪಿಲ್ಲ, ಸ್ಕೂಟರ್ ಸರಿಸಿದವರ ಸಾಕ್ಷಿ ನಂಬತಕ್ಕದ್ದು ಎಂದು ಹೈಕೋರ್ಟು ಬರೆಯಿತು. ಅವ್ವ ಅದನ್ನು ಎರಡು ಸಲ ಓದಿಸಿಕೊಂಡಳು. ಆಮೇಲೆ ನನ್ನನ್ನು ಕರೆದುಕೊಂಡು ಕೆಳಗಿಳಿದಳು. ಬಾಗಿಲು ತೆಗೆದದ್ದು ಮಾವನ ಹೆಂಡತಿ.

"ಗೆದ್ದಿರಾ?"

"ಹೌದ್ರಿ," ಎನ್ನುತ್ತಲೇ ಅವ್ವ ಅಳತೊಡಗಿದಳು.

"ಅವರು ಹೋದ ದಿನ ಬೆಳಿಗ್ಗೆ ಸಹ ಕೇಳಿದ್ರು," ಎಂದರು ಆಕೆ, "ಮೇಲಿನ ಮನೆಯಿಂದ ಯಾರಾದ್ರೂ ಬಂದಿದ್ರಾ ಅಂತ."