ಜಯಕ್ಕ ಕಲಿಸದ ಒಂದು ಮಾತು

ಹೊಸದುರ್ಗದ ತಾಲ್ಲೂಕು ಕಚೇರಿ ಹಿಂದಿನ ಓಣಿಯಲ್ಲಿ ಇಡ್ಲಿ ಮಾರುವ ಜಯಕ್ಕನಿಗೆ ಅರಬ್ಬಿ ಬರುತ್ತದೆ ಎಂದಾಗ ನಾನು ನಂಬಿರಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು! ಆದರೆ ರಿಯಾದಿನ ಒಂದು ಮನೆಯಲ್ಲಿ ಕಣ್ಣು ಕಾಣದ ಅಜ್ಜಿಯೊಬ್ಬಳನ್ನು ಒಂಬತ್ತು ವರ್ಷ ನೋಡಿಕೊಂಡವಳು ಅವಳು. ಗಲ್ಫಿಗೆ ಹೊರಟ ನಮ್ಮೂರ ಹೆಂಗಸರು ಅವಳ ಒಲೆ ಮುಂದೆ ಕೂತು ನಾಲ್ಕು ಮಾತು ಕಲಿತೇ ವಿಮಾನ ಹತ್ತುವುದು.

ನನ್ನ ಮಗಳು ಮೇಘಶ್ರೀ ನರ್ಸು. ಅವಳಿಗೂ ರಿಯಾದಿನಲ್ಲಿ ಕೆಲಸ ಸಿಕ್ಕಿದಾಗ ಮೂರು ದಿನ ರಂಪ ಮಾಡಿದೆ. "ಎರಡೇ ವರ್ಷ ಕಣಮ್ಮ, ಹೋಗಿ ಬಂದ್ಬಿಡ್ತೀನಿ" ಎಂದ ಮೇಲೆಯೇ ಹೂಂ ಅಂದದ್ದು. ಒಂದು ದಿನ ಹೆಚ್ಚಾದರೂ ನಾನೇ ಬಂದು ಜುಟ್ಟು ಹಿಡಿದು ಎಳೆತರುತ್ತೇನೆ ಅಂತಲೂ ಹೇಳಿಟ್ಟಿದ್ದೆ.

ಜಯಕ್ಕನ ಒಲೆ ಮುಂದೆ ಒಂದು ವಾರ ಪಾಠ ನಡೆಯಿತು. "ಹೋದ ಕೂಡ್ಲೆ ಕೆಲಸದ ಮಾತು ಎತ್ತಬ್ಯಾಡ. ಮೊದ್ಲು ಸಲಾಂ, ಆಮೇಲೆ ಚೆನ್ನಾಗಿದೀರಾ, ಮನೆಯೋರು ಚೆನ್ನಾಗಿದಾರಾ, ಎಲ್ಲ ಕೇಳ್ಬೇಕು. ಎಲ್ಲಿ ನೋವು ಅನ್ನಕ್ಕೆ 'ವೇನ್ ಅಲಮ್'. ಕಾಫಿ ಸಾಕಾದ್ರೆ ಬಟ್ಲು ಅಲ್ಲಾಡಿಸ್ಬೇಕು, ಇಲ್ದಿದ್ರೆ ಸುರೀತಾನೇ ಇರ್ತಾರೆ." ನನಗೆ ನಗು ತಡೆಯಲಾಗಲಿಲ್ಲ.

ಕೊನೆಯ ದಿನ ಮೇಘಶ್ರೀ ಕೇಳಿದಳು, "ಹೋಗಿ ಬರ್ತೀನಿ ಅನ್ನಕ್ಕೆ ಏನಂತಾರಕ್ಕ?"

"ಅದೊಂದು ಕೇಳಬ್ಯಾಡ. ಹೋಗ್ತೀನಿ ಅನ್ನು, ಸಾಕು," ಅಂದಳು ಜಯಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. "ಬಿಡ್ತು ಅನ್ನು! ಏನವ್ವ ನಿನ್ನ ಬಾಯಿ? ಹೊರಡೋವಾಗ ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ?"

ಜಯಕ್ಕ ಸಿಟ್ಟಾಗಲಿಲ್ಲ. "ನಾನೂ ಹಂಗೇ ಅಂದ್ಕಂಡಿದ್ದೆ. ಕೆಲಸ ಬಿಟ್ಟು ಬರೋ ದಿನ ಅಜ್ಜಿ ಕೈ ಹಿಡ್ಕಂಡು, ಹೋಗಿ ಬರ್ತೀನಿ ಅಂದೆ, ಅವರ ಮಾತ್ನಾಗೇ. ವಾಪಸ್ ಹೋಗಲ್ಲ ಅಂತ ಗೊತ್ತಿತ್ತು. ಬಾಯಿಗೆ ಬಂದಿದ್ದು ಅದೇ. ಅಜ್ಜಿ ನಂಬಿಬಿಡ್ತು. ಬೇರೆಯೋರ ಕೈಯಾಗೆ ಒಂದು ತುತ್ತು ತಗಳ್ಳಲಿಲ್ಲ. ಜಯಾ ಬಂದ್ಮೇಲೆ ಉಣ್ತೀನಿ ಅಂತಿತ್ತಂತೆ. ಹದಿನೇಳನೇ ದಿನ ಫೋನ್ ಬಂತು, ಹೋಯ್ತು ಅಂತ."

ಯಾರನ್ನು ಬೈಯುವುದು? ನಾವೆಲ್ಲ ದಿನಕ್ಕೆ ಹತ್ತು ಸಲ ಆಡುವ ಮಾತಲ್ಲವೇ ಅದು! ಇಡ್ಲಿ ಪಾತ್ರೆಯ ನೀರು ಬತ್ತಿ ಸೀದ ವಾಸನೆ ಬರುತ್ತಿತ್ತು, ಯಾರೂ ಏಳಲಿಲ್ಲ.

ಮೇಘಶ್ರೀ ಅಳತೊಡಗಿದಳು. ಆ ಅಜ್ಜಿಗಾಗಿ ಅಳುತ್ತಿದ್ದಾಳೆ ಅಂದುಕೊಂಡೆ.

"ಅಮ್ಮಾ, ಎರಡು ವರ್ಷ ಅಲ್ಲ. ಐದು ವರ್ಷಕ್ಕೆ ಸೈನ್ ಹಾಕಿದೀನಿ."

"ಮತ್ತೆ ಎರಡೇ ಅಂದ್ಯಲ್ಲೇ?"

"ಹಂಗಂದ್ರೇನೇ ನೀನು ಕಳಿಸ್ತೀಯ ಅಂತ."

ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ನಾಡಿದ್ದು ವಿಮಾನ. ಐದು ಮುಗಿದ ಮೇಲಾದರೂ ಬರುತ್ತೀಯಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.