ಅಣ್ಣನ ಸ್ಲ್ಯಾಬು, ತಮ್ಮನ ಸ್ಲ್ಯಾಬು

ಹೊಸಪೇಟೆಯ ಬೇಸಿಗೆಯಲ್ಲಿ ಟೈ ಕಟ್ಟಿಕೊಂಡು ಮನೆಮನೆ ಸುತ್ತುವವರನ್ನು ಕಂಡರೆ ನನಗೆ ಮೊದಲು ಗೌರವ ಮೂಡುತ್ತದೆ, ಆಮೇಲೆ ಕನಿಕರ. ಮೊನ್ನೆ ಬಂದವರು ಸೋರುವ ಮಾಳಿಗೆಗಳನ್ನು ಉದ್ಧಾರ ಮಾಡುವ ಯಾವುದೋ ಕಂಪನಿಯವರು. ನಡುವಯಸ್ಸು, ಬೆವರಿನಲ್ಲಿ ಮಿಂದ ಅಂಗಿ. ಬಾಗಿಲು ತೆರೆದವಳ ಮುಖ ನೋಡಿದವರೇ ಚೀಲದಿಂದ ಒಂದು ಟ್ಯೂಬು ತೆಗೆದು, ಮುಚ್ಚಳ ಬಿಚ್ಚಿ, ಅತ್ತರು ಮಾರುವವರ ಹಾಗೆ ನನ್ನ ಮೂಗಿನ ಹತ್ತಿರ ಹಿಡಿದರು.

"ವಾಸ್ನಿ ನೋಡ್ರಿ ಮೇಡಮ್, ಒರಿಜಿನಲ್ ಮಾಲು."

ರಬ್ಬರನ್ನೂ ಸೀಮೆಎಣ್ಣೆಯನ್ನೂ ಕಲಸಿಟ್ಟಂಥ ವಾಸನೆ. ಬೇರೆಯವರಿಗೆ ಹಳೆಯ ದಿನಗಳು ನೆನಪಾಗಲು ಮಲ್ಲಿಗೆಯ ಘಮ ಬೇಕು, ಮೊದಲ ಮಳೆಯ ಮಣ್ಣು ಬೇಕು. ನನ್ನ ಯೋಗ್ಯತೆಗೆ ಇದೇ ಸಾಕು. ಒಮ್ಮೆ ಉಸಿರೆಳೆದುಕೊಂಡೆ ನೋಡಿ, ಎಷ್ಟೋ ವರ್ಷ ಹಿಂದಿನ ಒಂದು ಮಧ್ಯಾಹ್ನ ನಮ್ಮ ಮಾಳಿಗೆಯ ಮೇಲೆ ಮೊಣಕಾಲೂರಿ ಕೂತಿದ್ದೆ.

ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮನೆಯ ಭೂಗೋಳ ನಿಮಗೆ ತಿಳಿಯಬೇಕು. ನಮ್ಮದು ಹೊರಗಿನಿಂದ ಒಂದು ಮನೆ, ಒಳಗಿನಿಂದ ಎರಡು. ಮುಂದಿನ ಅರ್ಧ ಮಾವನವರು ಕಟ್ಟಿಸಿದ್ದು. ಅಲ್ಲಿ ನನ್ನ ಭಾವನವರ ಸಂಸಾರ. ಹಿಂದಿನ ಅರ್ಧ ನನ್ನ ಯಜಮಾನರು ಆಮೇಲೆ ಕಟ್ಟಿಸಿದ್ದು. ಎರಡರ ನಡುವೆ ಓಡಾಡಲು ಒಂದು ಬಾಗಿಲು. ಆ ಬಾಗಿಲಿನ ಪಕ್ಕದಲ್ಲೇ ಎರಡೂ ಸಂಸಾರಕ್ಕೆ ಸೇರಿದ ದೇವರ ಮನೆ. ಹಳೆಯ ಸ್ಲ್ಯಾಬು ಮುಗಿದು ಹೊಸ ಸ್ಲ್ಯಾಬು ಶುರುವಾಗುವುದು ಸರಿಯಾಗಿ ಆ ದೇವರ ಮನೆಯ ನೆತ್ತಿಯ ಮೇಲೆ. ಇಂಥ ಜಾಗವನ್ನು ಆರಿಸಿದ ಮೇಸ್ತ್ರಿಗೆ ಭಕ್ತಿ ಬಹಳ ಇದ್ದಿರಬೇಕು. ಮೊದಲ ಮಳೆಗಾಲದಲ್ಲೇ ಎರಡು ಸ್ಲ್ಯಾಬು ಕೂಡುವ ಗೆರೆಯಲ್ಲಿ ಬಿರುಕು ಬಿಟ್ಟಿತು. ನೀರು ನೇರವಾಗಿ ಲಿಂಗದ ಮೇಲೇ ತೊಟ್ಟಿಕ್ಕತೊಡಗಿತು. ಪೂಜಾರಿ ಬೇಡ, ಮಂತ್ರ ಬೇಡ, ಇಡೀ ದಿನ ಅಭಿಷೇಕ. ಶಿವನಿಗೆ ಏನೂ ತಕರಾರಿರಲಿಲ್ಲ. ತಕರಾರಿದ್ದದ್ದು ಅಣ್ಣತಮ್ಮಂದಿರಿಗೆ.

ಭಾವನವರು ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಉಸ್ತುವಾರಿ ನೋಡುತ್ತಿದ್ದರು. ಅಕ್ಕಿಯ ವಿಷಯ ಬಲ್ಲವರಿಗೆ ಲೋಕದ ಎಲ್ಲ ವಿಷಯವೂ ತಿಳಿದಿರುತ್ತದೆ ಎಂಬುದು ಅವರ ನಂಬಿಕೆ. ನನ್ನ ಯಜಮಾನರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದರು. ದಿನವೂ ಅಷ್ಟು ಉಕ್ಕನ್ನು ನೋಡುವವನಿಗೆ ಸ್ಲ್ಯಾಬಿನ ವಿಷಯ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ ಎಂಬುದು ಇವರ ನಂಬಿಕೆ.

"ನಿನ್ನ ಸ್ಲ್ಯಾಬು ಜಗ್ಗೈತಿ. ಅದಕ್ಕ ಬಾಯಿ ಬಿಟ್ಟೈತಿ," ಎಂದರು ಭಾವನವರು.

"ನಂದು ಗಟ್ಟಿ ಐತಿ ಅಣ್ಣಾ. ನಿಂದ ಹಳೇದಾಗಿ ಹಿಂದ ಸರದೈತಿ," ಎಂದರು ಇವರು.

"ಹಂಪ್ಯಾಗ ಹೋಗಿ ನೋಡು. ಒಂದು ಚಮಚ ಸಿಮೆಂಟ್ ಇಲ್ದ ಕಲ್ಲಿನ ಮ್ಯಾಲ ಕಲ್ಲು ನಿಂತಾವ. ನಿನ್ನ ಸ್ಲ್ಯಾಬಿಗೆ ಏನು ಧಾಡಿ?"

"ಹಂಗಾರ ನೀನೂ ಅಲ್ಲೇ ಒಂದು ಮಂಟಪ ನೋಡ್ಕೊಂಡು ಇದ್ದುಬಿಡು."

ಮಳೆ ಬಂದರೆ ಹಂಪಿಯ ಮಂಟಪಗಳೂ ಸೋರುತ್ತವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ರಿಪೇರಿಗಳ ಕಾಲ ಶುರುವಾಯಿತು. ಭಾವನವರು ಒಂದು ಭಾನುವಾರ ಸಿಮೆಂಟು ಕಲಸಿ ತಮ್ಮ ಕಡೆಯ ಬಿರುಕನ್ನು ಮಾತ್ರ ತುಂಬಿಸಿದರು. ಒಂದು ಬಿರುಕಿನ ಅರ್ಧವನ್ನು ಮಾತ್ರ ತುಂಬಿಸುವುದು ಹೇಗೆ ಎಂದು ನನ್ನನ್ನು ಕೇಳಬೇಡಿ, ಅವರು ಮಾಡಿ ತೋರಿಸಿದರು. ಮುಂದಿನ ವಾರದ ರಜೆಗೆ ನನ್ನ ಯಜಮಾನರು ಉಳಿದ ಅರ್ಧವನ್ನು ತುಂಬಿಸಿ, ಕೆಲಸವೆಂದರೆ ಹೀಗಿರಬೇಕು ಎಂಬಂತೆ ಕೈ ಝಾಡಿಸಿಕೊಂಡು ಇಳಿದರು. ಬೇಸಿಗೆಯ ಎರಡು ಬಿಸಿಲಿಗೆ ಇಬ್ಬರ ಸಿಮೆಂಟೂ ಪರಸ್ಪರ ಮುಖ ತಿರುಗಿಸಿಕೊಂಡು ಬಿಟ್ಟುಕೊಂಡಿತು. ಸಂಡೂರಿನಿಂದ ಬಂದ ನೆಂಟರೊಬ್ಬರು ಡಾಂಬರು ಬಳಿಯಿರಿ ಎಂದರು. ಬಳಿದದ್ದಾಯಿತು. ಏಪ್ರಿಲ್ ಬರುವಷ್ಟರಲ್ಲಿ ಅದು ಕರಗಿ ನಮ್ಮ ಚಪ್ಪಲಿಗಳ ಜೊತೆ ಊರೆಲ್ಲ ಸುತ್ತಿಕೊಂಡು ಬಂತು. ಯಶವಂತನಗರದ ಇನ್ನೊಬ್ಬರು, ಗಣಿಯಲ್ಲಿ ಬಂಡೆ ಸಿಡಿಸುವವರು, ಬಹಳ ಹೊತ್ತು ನೋಡಿ, "ಇದನ್ನ ಪೂರಾ ಒಡದು ಹೊಸಾದು ಹಾಕ್ರಿ" ಎಂದರು. ಅವರ ವೃತ್ತಿಗೆ ತಕ್ಕ ಸಲಹೆಯೇ.

ನಗುವುದು ಇಲ್ಲಿಯವರೆಗೆ ಮಾತ್ರ. ಮುಂದಿನ ಮಳೆಗಾಲದಲ್ಲಿ ದೇವರ ಮನೆಯ ಗೋಡೆಗೆ ಹಾಕಿದ್ದ ಅತ್ತೆಯವರ ಫೋಟೋದೊಳಕ್ಕೆ ನೀರಿಳಿದು ಅವರ ಮುಖ ಅರ್ಧ ಅಳಿಸಿಹೋಯಿತು. ಆ ಬೆಳಿಗ್ಗೆ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಏನೇನು ಅಂದರೋ ಅದನ್ನು ಬರೆಯಲು ನನಗೆ ಮನಸ್ಸಿಲ್ಲ. ಅಂದಿನಿಂದ ಮಾತು ನಿಂತಿತು. ಒಂದೇ ಗೇಟು, ಒಂದೇ ನಲ್ಲಿ, ಒಂದೇ ಮೆಟ್ಟಿಲು. ಆದರೆ ಎದುರಾದಾಗ ಇಬ್ಬರೂ ಮೊಬೈಲು ನೋಡಿಕೊಳ್ಳುವರು. ದೀಪಾವಳಿಯ ಹೊತ್ತಿಗೆ ಮನೆಯ ಮುಂದೆ ಸಿಮೆಂಟ್ ಬ್ಲಾಕುಗಳ ಲೋಡು ಬಂದು ಬಿತ್ತು. ಮಾತಾಡದ ಇಬ್ಬರೂ ಮೂರನೆಯವರ ಮೂಲಕ ಹೇಳಿಕಳಿಸಿ, ಈ ಒಂದು ವಿಷಯದಲ್ಲಿ ಮಾತ್ರ ಅದ್ಭುತವಾಗಿ ಒಪ್ಪಿದ್ದರು: ಮಾಳಿಗೆಯ ಮೇಲೆ ಗೆರೆಗುಂಟ ಗೋಡೆ, ಕೆಳಗೆ ನಡುವಿನ ಬಾಗಿಲಿಗೂ ಗೋಡೆ. ದೇವರು ಯಾರ ಕಡೆ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಆ ಬಾಗಿಲು ಗಂಡಸರಿಗೆ ಬರೀ ಬಾಗಿಲು. ನನಗೆ ಹಾಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಟೈಫಾಯ್ಡ್ ಬಂದಾಗ ಆ ಬಾಗಿಲಿನಿಂದಲೇ ಭಾವನವರ ಹೆಂಡತಿ, ನನ್ನ ನೆಗೆಣ್ಣಿ, ಹೊತ್ತುಹೊತ್ತಿಗೆ ಗಂಜಿ ತಂದು ಬಾಯಿಗಿಟ್ಟವರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕನದು ಮಾತು ಕಡಿಮೆ, ಕಣ್ಣು ಹೆಚ್ಚು. ಬ್ಲಾಕು ಇಳಿಸಿದ ದಿನ ಅವರು ಮೆಣಸಿನಕಾಯಿ ಹರವಲು ಮಾಳಿಗೆಗೆ ಬಂದಿದ್ದರು. ನನ್ನನ್ನು ಕರೆದು, ತಲೆಯ ಪಿನ್ನು ತೆಗೆದು ಬಿರುಕಿಗೆ ಹಿಡಿದರು.

"ಮುಂಜಾನೆ ಇದು ಆರಾಮ ಒಳಗ ಹೋಗಿತ್ತು. ಈಗ ನೋಡು, ಬಿಸಿಲಿಗೆ ತುಟಿ ಮುಚ್ಚೈತಿ. ಇದು ಉಸಿರಾಡ್ತೈತಿ ತಂಗಿ. ಇದರ ಬಾಯಾಗ ಸಿಮೆಂಟ್ ತುರುಕಿದ್ರ ಉಗುಳದ ಇನ್ನೇನ್ ಮಾಡೀತು?"

ನಾನು ಬಿ.ಎಸ್ಸಿ. ಓದಿದವಳು. ಬಿಸಿಗೆ ಹಿಗ್ಗುವುದು, ತಣ್ಣಗಾದರೆ ಕುಗ್ಗುವುದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಹೌದಲ್ಲವೇ ಎನಿಸಿತು. ಇಬ್ಬರೂ ಮರುದಿನವೇ ಪೇಟೆಗೆ ಹೋದೆವು. ಹಾರ್ಡ್‌ವೇರ್ ಅಂಗಡಿಯವರು ನಮ್ಮಿಬ್ಬರ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು.

"ಯಜಮಾನ್ರು ಬರ್ಲಿಲ್ರ್ಯಾ?"

"ಅವ್ರು ಮೀಟಿಂಗ್‌ನ್ಯಾಗ ಅದಾರ್ರಿ," ಎಂದರು ಅಕ್ಕ, ಕಣ್ಣು ಮಿಟುಕಿಸದೆ. "ಒಣಗಿದ ಮ್ಯಾಲೂ ಜಗ್ಗುವಂಥಾದು ಏನರ ಐತೇನ್ರಿ?"

ಇತ್ತು. ರಬ್ಬರಿನಂತೆ ಎಳೆದರೆ ಹಿಗ್ಗುವ ಕಪ್ಪು ಅಂಟು, ಅದನ್ನು ಹಿಂಡಲು ಗನ್ನು, ಬಿರುಕಿನೊಳಗೆ ಮೊದಲು ಕೂರಿಸಲು ಸ್ಪಂಜಿನ ಹಗ್ಗ. ಧೂಳಿರಬಾರದು, ಪಸೆಯಿರಬಾರದು ಎಂದು ಹೇಳಿ ಕಳಿಸಿದರು. ಗಂಡಸರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಹಳೆಯ ಸಿಮೆಂಟನ್ನೂ ಡಾಂಬರನ್ನೂ ಉಳಿ ಸುತ್ತಿಗೆ ಹಿಡಿದು ಒಡೆಯತೊಡಗಿದೆವು. ಪಕ್ಕದ ಮನೆಯ ಆಚಾರ್ಯರ ಮಡದಿ ಕಟ್ಟೆಯಾಚೆಯಿಂದ ಇಣುಕಿ, "ಏನ್ರೀ ಅದು ಸಪ್ಪಳ?" ಎಂದರು. "ಹುಣಸೆಕಾಯಿ ಬಡೀತೀವ್ರಿ," ಎಂದೆ. ನಮ್ಮ ಮನೆಯಲ್ಲಿ ಹುಣಸೆಮರವಿಲ್ಲ ಎಂಬುದು ಅವರಿಗೆ ಗೊತ್ತು. ದೊಡ್ಡ ಮನಸ್ಸಿನವರು, ತಲೆ ಒಳಗೆ ಎಳೆದುಕೊಂಡರು.

ಗುಡಿಸಿ, ಬ್ರಷ್ಷಿನಿಂದ ತಿಕ್ಕಿ, ಹಗ್ಗ ತುರುಕಿ, ಅಕ್ಕ ಗನ್ನು ಒತ್ತುತ್ತ ಹೋದಂತೆ ನಾನು ಸೋಪಿನ ನೀರು ಮುಟ್ಟಿಸಿದ ಬೆರಳಿನಿಂದ ಸವರುತ್ತ ಬಂದೆ. ಅಕ್ಕ ಹೋಳಿಗೆಯ ಅಂಚು ಒತ್ತುವ ಶಿಸ್ತಿನಲ್ಲಿ ಹಿಂಡಿದರು. ನನ್ನದು ಎಂದಿನಂತೆ ಅಲ್ಲಲ್ಲಿ ಡೊಂಕು. ಬೆರಳಿನ ಕಪ್ಪು ಹೋಗದೆ ವಾರವಿಡೀ ಬಾಣಲೆಯ ಮಸಿ ಎಂದು ಹೇಳಿಕೊಂಡು ತಿರುಗಿದೆ. ಯಜಮಾನರು ನಂಬಿದರು. ನನ್ನ ಅಡಿಗೆಯ ಮೇಲೆ ಅವರಿಗಿದ್ದ ಅಭಿಪ್ರಾಯ ಅದು.

ಗೋಡೆಯ ಮೇಸ್ತ್ರಿ ಬರುವ ಮೊದಲು ಮಳೆ ಬಂತು. ಹಿಂಗಾರಿನ ಜೋರು ಮಳೆ. ನಾವಿಬ್ಬರೂ ದೇವರ ಮನೆಯಲ್ಲಿ ಕತ್ತೆತ್ತಿ ನಿಂತೆವು. ಒಂದು ಹನಿಯೂ ಇಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡರು. ಗಟ್ಟಿಯಾಗಿ ಹಿಡಿದುಕೊಂಡರು. ಆಗ ತಿಳಿಯಿತು, ಅವರೂ ಇಷ್ಟು ದಿನ ನನ್ನಷ್ಟೇ ಹೆದರಿದ್ದರು ಎಂದು.

ಮಳೆ ನಿಂತ ಮೇಲೆ ಭಾವನವರು ಮಾಳಿಗೆಗೆ ಹೋಗಿ ಆ ಹೊಸ ಕಪ್ಪು ಗೆರೆ ನೋಡಿ ಬಂದರು. ಸ್ವಲ್ಪ ಹೊತ್ತಿಗೆ ನನ್ನ ಯಜಮಾನರೂ ಹೋಗಿ ನೋಡಿ ಬಂದರು. ಸಂಜೆ ಗೇಟಿನ ಹತ್ತಿರ ಎದುರಾದಾಗ ಇಬ್ಬರೂ ಮೊಬೈಲು ತೆಗೆಯಲಿಲ್ಲ.

"ಚಾ ಆತೇನೋ ತಮ್ಮಾ?"

"ಇಲ್ಲಣ್ಣಾ. ನಿಂದು?"

ಒಳಗೆ ಬಂದ ಯಜಮಾನರ ಮುಖದಲ್ಲಿ ಚುನಾವಣೆ ಗೆದ್ದ ಕಳೆ. "ನೋಡಿದ್ಯಾ? ಅಣ್ಣನೇ ಸೋತು ಮಾಡಿಸ್ಯಾನ. ಹೋಗ್ಲಿ ಪಾಪ, ದೊಡ್ಡಾವ." ಅದೇ ಹೊತ್ತಿಗೆ ಬಾಗಿಲಿನ ಆಚೆ ಭಾವನವರು ಅಕ್ಕನಿಗೆ, "ತಮ್ಮ ಬಗ್ಗಿದ ಬಿಡು. ಸಣ್ಣಾವ, ನಾನೂ ಭಾಳ ಎಳಿಬಾರ್ದು," ಎನ್ನುತ್ತಿದ್ದರಂತೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಏಕಕಾಲಕ್ಕೆ ಉದಾರವಾಗಿ ಕ್ಷಮಿಸಿದರು. ನಾವು ಸೆರಗು ಬಾಯಿಗೆ ತುರುಕಿಕೊಂಡು ಸುಮ್ಮನಿದ್ದೆವು. ಬ್ಲಾಕುಗಳಿಂದ ಬೇವಿನ ಗಿಡದ ಕೆಳಗೆ ಕೂಡುವ ಕಟ್ಟೆ ಆಯಿತು. ಅಣ್ಣತಮ್ಮಂದಿರು ಅದರ ಮೇಲೆ ಕೂತು ದೇಶದ ಸಮಸ್ಯೆಗಳನ್ನು ಬಗೆಹರಿಸುತ್ತ ವಯಸ್ಸಾದರು.

ಇತ್ತೀಚೆಗೆ ಆ ಅಂಟು ಅಂಚಿನಲ್ಲಿ ಎದ್ದು, ದೇವರ ಮನೆಯಲ್ಲಿ ಸಣ್ಣಗೆ ಪಸೆ ಕಾಣಿಸಿತ್ತು. ಅದಕ್ಕೇ ಟೈ ಕಟ್ಟಿದವರನ್ನು ಒಳಕ್ಕೆ ಬಿಟ್ಟದ್ದು. ನಾವು ನಾಲ್ವರೂ ಅವರ ಜೊತೆ ಮಾಳಿಗೆ ಹತ್ತಿದೆವು. ಅವರು ಕುಕ್ಕರಗಾಲಿನಲ್ಲಿ ಕೂತು ಆ ಕಪ್ಪು ಗೆರೆಯನ್ನು ಉಗುರಿನಿಂದ ಎಳೆದು ನೋಡಿದರು.

"ಭಾಳ ವರ್ಷ ತಡದೈತಲ್ರೀ. ಯಾರು ಮಾಡಿಸಿದ್ರಿ ಇದನ್ನ?"

"ನನ್ನ ತಮ್ಮ," ಎಂದರು ಭಾವನವರು.

"ನಮ್ಮಣ್ಣ," ಎಂದರು ಯಜಮಾನರು.

ಎರಡು ಮಾತೂ ಒಟ್ಟಿಗೆ ಬಂದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ನಿಧಾನವಾಗಿ ನಮ್ಮ ಕಡೆ ತಿರುಗಿದರು. ನಾನು ಆಕಾಶ ನೋಡಿದೆ. ಅಕ್ಕ ನೋಡಲಿಲ್ಲ.

"ನಾವ ಮಾಡಿದ್ವಿ," ಎಂದರು. "ನೀವು ಗ್ವಾಡಿ ಕಟ್ಟಾಕ ಹತ್ತಿದ್ರಿ, ನಿಮಗ ಪುರುಸೊತ್ತಿರಲಿಲ್ಲ."

ಟೈ ಕಟ್ಟಿದವರಿಗೆ ಏನೂ ಅರ್ಥವಾಗಲಿಲ್ಲ. ಭಾವನವರು ಬಗ್ಗಿ ಆ ಗೆರೆಯನ್ನು ಬೆರಳಿನಿಂದ ಒತ್ತಿ ನೋಡಿದರು.

"ಅಲ್ಲೋ ತಮ್ಮಾ," ಎಂದರು, "ಹಂಗಾರ ನಾವು ಇಷ್ಟು ವರ್ಷ ಸುಮ್‌ಸುಮ್ನ ಮಾತಾಡಿದ್ವ್ಯಾ?"

ಯಜಮಾನರು ಯೋಚಿಸಿದರು. ಗಂಭೀರವಾಗಿಯೇ ಯೋಚಿಸಿದರು.

"ಈಗೇನ್ ಮಾಡಾಕ ಬರ್ತೈತಣ್ಣಾ," ಎಂದರು. "ಮಾತಾಡಿ ಆಗೇಬಿಟ್ಟೈತಲ್ಲ."